ಅಮ್ಮಿಯ ಹೊಸ ಚಪ್ಪಲಿ: ಕುಟುಂಬದೊಂದಿಗೆ ನಡೆದು ಊರು ನೋಡುವವರಿಗೆ

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ನನ್ನ ದವಾಖಾನೆಗೆ ಬರುವವರ ಪ್ರಶ್ನೆಗಳು ಬದಲಾಗುತ್ತವೆ. "ಡಾಕ್ಟ್ರೇ, ಮಕ್ಕಳನ್ನು ಕರೆದುಕೊಂಡು ಹೈದರಾಬಾದಿಗೆ ಹೊರಟಿದ್ದೇವೆ, ವಾಂತಿ ಬೇಧಿಗೆ ಏನಾದರೂ ಬರೆದುಕೊಡಿ" ಎನ್ನುತ್ತಾರೆ. ಕಲಬುರಗಿಯ ನಮಗೆ ದೊಡ್ಡ ಊರೆಂದರೆ ಮೊದಲು ನೆನಪಾಗುವುದು ಹೈದರಾಬಾದ್. 1956ರವರೆಗೆ ಕಲಬುರಗಿ, ಬೀದರ್, ರಾಯಚೂರು ಆ ರಾಜ್ಯದ ಭಾಗವಾಗಿಯೇ ಇದ್ದವು. ಇಂದಿಗೂ ನಮ್ಮಲ್ಲಿ ಎಷ್ಟೋ ಮನೆಗಳ ಸಂಬಂಧ ಅಲ್ಲಿದೆ, ಮದುವೆಯ ಬಟ್ಟೆ ಬಳೆ ಅಲ್ಲಿಂದ ಬರುತ್ತವೆ.

ವಾಂತಿ ಬೇಧಿಯ ಮಾತ್ರೆ ಬರೆದುಕೊಡುವುದು ಸುಲಭ. ಆದರೆ ಒಂದು ದಿನವಿಡೀ ನಡೆದು ಊರು ನೋಡುವ ಕುಟುಂಬಕ್ಕೆ ಅದಕ್ಕಿಂತ ಮುಖ್ಯವಾದ ಕೆಲವು ಮಾತುಗಳಿವೆ. ಅವನ್ನು ನಾನು ಪುಸ್ತಕದಿಂದ ಕಲಿತಿದ್ದೆ, ರೋಗಿಗಳಿಗೆ ಹೇಳುತ್ತಲೂ ಇದ್ದೆ. ಆದರೆ ನನ್ನ ಸ್ವಂತ ಮನೆಯಲ್ಲಿ ಪಾಲಿಸಿರಲಿಲ್ಲ. ಕಳೆದ ಚಳಿಗಾಲದ ಒಂದು ದಿನ ಅಲ್ಲಾಹನು ಅದನ್ನು ನನಗೆ ತೋರಿಸಿಕೊಟ್ಟ. ಈ ಲೇಖನ ಆ ದಿನದ್ದು.

ನಾವು ಐವರಿದ್ದೆವು. ನಾನು, ನನ್ನ ಪತ್ನಿ, ಹನ್ನೆರಡು ವರ್ಷದ ಮಗಳು, ಏಳು ವರ್ಷದ ಮಗ ಮತ್ತು ನನ್ನ ಅಮ್ಮಿ. ಅಮ್ಮಿಗೆ ಅರವತ್ತೆಂಟು ವರ್ಷ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಾತ್ರೆ ತಪ್ಪಿಸುವವರಲ್ಲ, ಊಟದಲ್ಲೂ ಕಟ್ಟುನಿಟ್ಟು. ಹಿಂದಿನ ದಿನ ಸಂಜೆಯೇ ಹೈದರಾಬಾದಿಗೆ ಬಂದು ಖಾಲಾ ಮನೆಯಲ್ಲಿ ಉಳಿದಿದ್ದೆವು. ಪ್ರವಾಸಕ್ಕೆಂದು ಅಮ್ಮಿಗೆ ನಾನೇ ಒಂದು ಜೊತೆ ಹೊಸ ಚಪ್ಪಲಿ ತಂದುಕೊಟ್ಟಿದ್ದೆ. ಮೆತ್ತಗಿನ ಅಟ್ಟೆ, ಹಿಂದೆ ಪಟ್ಟಿ, ಒಳ್ಳೆಯ ಬೆಲೆ. ಮಗನಾಗಿ ನನಗೆ ಹೆಮ್ಮೆಯಿತ್ತು. ವೈದ್ಯನಾಗಿ ನಾನು ಯೋಚಿಸಿರಲಿಲ್ಲ.

ಆರು ಅಗತ್ಯಗಳು

ಯುನಾನಿ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ವರ್ಷದಲ್ಲೇ 'ಅಸ್ಬಾಬ್-ಎ-ಸಿತ್ತಾ ಝರೂರಿಯಾ' ಎಂಬ ಪಾಠವನ್ನು ಓದುತ್ತಾನೆ. ಆರೋಗ್ಯ ಉಳಿಯಲು ಮನುಷ್ಯನಿಗೆ ಬೇಕೇಬೇಕಾದ ಆರು ಕಾರಣಗಳು ಎಂದು ಅದರ ಅರ್ಥ. ಉಸಿರಾಡುವ ಗಾಳಿ, ಊಟ ಮತ್ತು ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿಯುವುದು, ಹೊರಹೋಗಬೇಕಾದದ್ದು ಹೊರಹೋಗುವುದು. ಈ ಆರೂ ಅಳತೆಯಲ್ಲಿದ್ದರೆ ದೇಹ ಸರಿಯಾಗಿರುತ್ತದೆ, ಯಾವುದಾದರೂ ಹೆಚ್ಚು ಕಡಿಮೆಯಾದರೆ ಮಿಝಾಜ್ ಕೆಡುತ್ತದೆ ಎಂದು ನಮ್ಮ ಹಿರಿಯ ಹಕೀಮರು ಹೇಳುತ್ತಿದ್ದರು.

ಮನೆಯಲ್ಲಿರುವಾಗ ಇವು ತಾವಾಗಿಯೇ ಒಂದು ಕ್ರಮದಲ್ಲಿ ನಡೆಯುತ್ತವೆ. ಪ್ರವಾಸದ ದಿನ ಆರೂ ಒಟ್ಟಿಗೆ ಏರುಪೇರಾಗುತ್ತವೆ. ಧೂಳು, ಹೊಗೆ, ಹೊತ್ತಲ್ಲದ ಹೊತ್ತಿನ ಊಟ, ಅಭ್ಯಾಸವಿಲ್ಲದ ನಡಿಗೆ, ಮಕ್ಕಳು ಗುಂಪಿನಲ್ಲಿ ಕಳೆದುಹೋದಾರೆಂಬ ಆತಂಕ, ಅರೆನಿದ್ರೆ, ಶೌಚಾಲಯದ ತೊಂದರೆ. ಹಾಗಾಗಿ ಪ್ರವಾಸದ ತಯಾರಿಯೆಂದರೆ ಚೀಲ ತುಂಬುವುದಷ್ಟೇ ಅಲ್ಲ. ಈ ಆರನ್ನೂ ಒಂದೊಂದಾಗಿ ಮೊದಲೇ ಯೋಚಿಸುವುದು.

ಬೆಳಿಗ್ಗೆ: ಚಾರ್‌ಮಿನಾರ್

ಬೆಳಿಗ್ಗೆ ಒಂಬತ್ತೂವರೆಗೆ ನಾವು ಚಾರ್‌ಮಿನಾರ್ ಮುಂದೆ ನಿಂತಿದ್ದೆವು. ಹಳೆಯ ಹೈದರಾಬಾದನ್ನು ನೋಡಲು ಬೆಳಿಗ್ಗೆಯೇ ಒಳ್ಳೆಯದು. ಜನ ಕಡಿಮೆ, ಹೊಗೆ ಕಡಿಮೆ, ಬಿಸಿಲು ಹಿತ. ಆಸ್ತಮಾ ಇರುವವರು ತಮ್ಮ ಇನ್ಹೇಲರನ್ನು ಚೀಲದ ತಳದಲ್ಲಿ ಅಲ್ಲ, ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಹಳೆ ಬಝಾರಿನ ಓಣಿಗಳಲ್ಲಿ ಒಂದು ಸಾದಾ ಮಾಸ್ಕ್ ಕೂಡ ಧೂಳಿನಿಂದ ಅಷ್ಟಿಷ್ಟು ಕಾಪಾಡುತ್ತದೆ.

ಚಾರ್‌ಮಿನಾರನ್ನು 1591ರಲ್ಲಿ ಗೋಲ್ಕೊಂಡದ ಐದನೇ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಶಾಹ್ ಕಟ್ಟಿಸಿದ. ಹಿಜರಿ ಲೆಕ್ಕದಲ್ಲಿ ಅದು ಒಂದು ಸಾವಿರ ವರ್ಷ ತುಂಬುವ ಕಾಲ. ಊರಿಗೆ ಬಂದಿದ್ದ ಸಾಂಕ್ರಾಮಿಕ ರೋಗ ತೊಲಗಿದ ನೆನಪಿಗೆ ಇದನ್ನು ಕಟ್ಟಲಾಯಿತೆಂಬ ಮಾತೂ ಜನರ ಬಾಯಲ್ಲಿದೆ. ಆ ಮಾತು ನಿಜವೋ ಅಲ್ಲವೋ, ರೋಗ ಹೋದಾಗ ಜನ ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಿದರು ಎಂಬ ಭಾವನೆ ಅದರಲ್ಲಿದೆಯಲ್ಲ, ಅದು ನನಗೆ ಇಷ್ಟ. ಅದೇ ಸುಲ್ತಾನನ ಕಾಲದಲ್ಲಿ ಇಲ್ಲಿಂದ ಸ್ವಲ್ಪ ದೂರದಲ್ಲಿ ದಾರುಶ್ಶಿಫಾ ಎಂಬ ದೊಡ್ಡ ಆಸ್ಪತ್ರೆಯೂ ಎದ್ದಿತು. ಅಲ್ಲಿ ಹಕೀಮರು ರೋಗಿಗಳನ್ನು ನೋಡುತ್ತಿದ್ದರು, ವಿದ್ಯಾರ್ಥಿಗಳಿಗೆ ತಿಬ್ಬ್ ಕಲಿಸುತ್ತಿದ್ದರು. ಇಂದು ಆ ಹೆಸರು ಒಂದು ಬಡಾವಣೆಯ ಹೆಸರಾಗಿ ಉಳಿದಿದೆ. ಚಾರ್‌ಮಿನಾರಿನ ಪಕ್ಕದಲ್ಲೇ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದ ನಿಜಾಮಿಯಾ ಯುನಾನಿ ಆಸ್ಪತ್ರೆಯ ಭವ್ಯ ಕಟ್ಟಡವಿದೆ. ಮಕ್ಕಳಿಗೆ ಅದನ್ನು ತೋರಿಸಿ, "ಅಬ್ಬಾ ಓದಿದ ವಿದ್ಯೆ ಇದೇ" ಎಂದಾಗ ಮಗ, "ಇಷ್ಟು ದೊಡ್ಡದಾ?" ಎಂದು ಬಾಯಿ ಬಿಟ್ಟ. ನನ್ನ ಎರಡು ಕೋಣೆಯ ದವಾಖಾನೆ ನೋಡಿದವನಿಗೆ ಅಚ್ಚರಿಯಾದದ್ದು ಸಹಜ.

ಚಾರ್‌ಮಿನಾರಿನ ಮೇಲಿನ ಅಂತಸ್ತಿಗೆ ಒಟ್ಟು 149 ಮೆಟ್ಟಿಲುಗಳಿವೆ. ಪ್ರವಾಸಿಗರನ್ನು ಸಾಮಾನ್ಯವಾಗಿ ಮೊದಲ ಅಂತಸ್ತಿನವರೆಗೆ ಬಿಡುತ್ತಾರೆ. ಆದರೂ ಸುರುಳಿ ಮೆಟ್ಟಿಲು ಇಕ್ಕಟ್ಟು, ಒಂದೊಂದು ಮೆಟ್ಟಿಲೂ ಎತ್ತರ. ಮೊಣಕಾಲು ನೋವಿನವರು, ಹೃದಯದ ತೊಂದರೆಯವರು, ಗರ್ಭಿಣಿಯರು ಕೆಳಗಿನಿಂದಲೇ ನೋಡಿ ತೃಪ್ತಿಪಡಲಿ. ಹತ್ತುವುದಕ್ಕಿಂತ ಇಳಿಯುವಾಗ ಮೊಣಕಾಲಿನ ಮೇಲೆ ಭಾರ ಹೆಚ್ಚು ಬೀಳುತ್ತದೆ ಎಂಬುದು ನೆನಪಿರಲಿ. ಅಮ್ಮಿ ಮತ್ತು ಪತ್ನಿ ಕೆಳಗೆ ಕುಳಿತರು, ನಾನು ಮಕ್ಕಳೊಂದಿಗೆ ಹತ್ತಿದೆ.

ಅಲ್ಲಿಂದ ಲಾಡ್ ಬಝಾರ್. ಅರಗಿನ ಬಳೆಗಳ ಅಂಗಡಿಗಳ ಮುಂದೆ ಪತ್ನಿ ಮತ್ತು ಮಗಳಿಗೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಅಮ್ಮಿ ಅವರೊಂದಿಗೆ ಅಂಗಡಿಯಿಂದ ಅಂಗಡಿಗೆ ನಡೆದರು. ನಾನು ಎರಡು ಸಲ "ಅಮ್ಮಿ, ಕಾಲು ನೋಯುತ್ತಿದೆಯಾ?" ಎಂದು ಕೇಳಿದೆ. "ಇಲ್ಲ ಬೇಟಾ, ಚಪ್ಪಲಿ ಹೂವಿನ ಹಾಗಿದೆ" ಎಂದರು. ನನಗೆ ಸಮಾಧಾನವಾಯಿತು. ಆಗಬಾರದಿತ್ತು.

ಊಟ ಮತ್ತು ನೀರು

ಹೈದರಾಬಾದಿಗೆ ಹೋಗಿ ತಿನ್ನಬೇಡಿ ಎಂದರೆ ನನ್ನ ಮಾತನ್ನು ಯಾರೂ ಕೇಳುವುದಿಲ್ಲ. ನಾನೂ ಹಾಗೆ ಹೇಳುವುದಿಲ್ಲ. ಆದರೆ ಬೆಳಿಗ್ಗೆ ಹೊಟ್ಟೆ ತುಂಬ ನಿಹಾರಿ ಕುಲ್ಚಾ ತಿಂದು ಮೂರು ಗಂಟೆ ನಡೆಯಬೇಡಿ. ಜಿಡ್ಡಿನ ಆಹಾರ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ನಡೆದಾಗ ಎದೆಯುರಿ, ಹುಳಿತೇಗು ಬರುತ್ತದೆ. ನಡೆಯುವ ದಿನ ಬೆಳಿಗ್ಗೆ ಹಗುರ ತಿಂಡಿ, ಮಧ್ಯಾಹ್ನ ಸಾಧಾರಣ ಊಟ, ಬಿರಿಯಾನಿಯ ಆಸೆಯನ್ನು ಆದಷ್ಟು ಬೇಗ ಮಾಡುವ ರಾತ್ರಿಯೂಟಕ್ಕೆ ಇಟ್ಟುಕೊಳ್ಳಿ.

ಬಿಸಿಯಾಗಿ ಎದುರಲ್ಲೇ ಬೇಯಿಸಿದ್ದನ್ನು ತಿನ್ನಿ. ಹೆಚ್ಚಿಟ್ಟ ಹಣ್ಣು, ತೆರೆದಿಟ್ಟ ಚಟ್ನಿ, ಎಲ್ಲಿಯ ನೀರಿನದೆಂದು ತಿಳಿಯದ ಐಸ್ ಹಾಕಿದ ಪಾನಕ ಬೇಡ. ಬಾಳೆ, ಕಿತ್ತಳೆಯಂಥ ಸಿಪ್ಪೆ ಸುಲಿದು ತಿನ್ನುವ ಹಣ್ಣು ಚೀಲದಲ್ಲಿರಲಿ. ಇರಾನಿ ಚಹಾ ಕುಡಿಯಿರಿ, ಆದರೆ ಅದು ಗಟ್ಟಿ ಹಾಲಿನ, ಸಿಹಿ ಜಾಸ್ತಿಯಿರುವ ಚಹಾ. ಸಕ್ಕರೆ ಕಾಯಿಲೆಯವರಿಗೆ ನಾಲ್ಕು ಗುಟುಕು ಸಾಕು. ಶರಬತ್ತಿನ ವಿಷಯದಲ್ಲೂ ಅಷ್ಟೇ. 'ಯುನಾನಿ ಶರಬತ್, ತಂಪು' ಎಂದು ಸಕ್ಕರೆ ಕಾಯಿಲೆಯವರು ಲೋಟಗಟ್ಟಲೆ ಕುಡಿಯುವುದನ್ನು ನಾನು ನೋಡಿದ್ದೇನೆ. ಶರಬತ್ತಿನ ತಳಹದಿಯೇ ಸಕ್ಕರೆ ಪಾಕ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟದ ಹೊತ್ತು ತಪ್ಪಿಸಬಾರದು. ನಡೆದಾಗ ದೇಹ ಸಕ್ಕರೆಯನ್ನು ಹೆಚ್ಚು ಬಳಸುತ್ತದೆ. ಊಟವೂ ತಡವಾದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತಲೆತಿರುಗು, ಮಾತಿನಲ್ಲಿ ಗೊಂದಲ ಕಾಣಿಸಬಹುದು. ಆಗ ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಕೂರಿಸಿ, ಆರಾಮವಾಗದಿದ್ದರೆ ಮತ್ತೊಮ್ಮೆ ಕೊಡಿ. ಚೇತರಿಸಿದ ಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ನಾಲ್ಕೈದು ಪೊಟ್ಟಣ ಸಕ್ಕರೆ ಅಥವಾ ಗ್ಲೂಕೋಸ್ ಕಿಸೆಯಲ್ಲಿ ಇರಲೇಬೇಕು.

ನೀರನ್ನು ಬಾಯಾರಿದಾಗ ಒಮ್ಮೆಲೇ ಗಟಗಟ ಕುಡಿಯುವ ಬದಲು ಆಗಾಗ ಸ್ವಲ್ಪಸ್ವಲ್ಪ ಕುಡಿಯಿರಿ. ಕುಳಿತು, ಮೂರು ಉಸಿರಿನಲ್ಲಿ ಕುಡಿಯುವ ಸುನ್ನತ್ತನ್ನು ಮಕ್ಕಳಿಗೆ ಕಲಿಸಲು ಪ್ರವಾಸಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಓಡುತ್ತ ಕುಡಿದ ನೀರು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಕುಳಿತು ಕುಡಿದರೆ ಅದೇ ಒಂದು ಸಣ್ಣ ವಿಶ್ರಾಂತಿಯೂ ಆಗುತ್ತದೆ.

ಒಂದು ವೇಳೆ ಬೇಧಿ ಶುರುವಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕದಡಿ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಪಾಟಾಗಿ ತುಂಬಿದ ಚಮಚದಲ್ಲಿ.

ಹೆಂಗಸರು ನೀರು ಕುಡಿಯದ ಕಾರಣ

ಆರು ಅಗತ್ಯಗಳಲ್ಲಿ ಕೊನೆಯದನ್ನು ಹೇಳಲು ಸಂಕೋಚಪಡುವವರೇ ಹೆಚ್ಚು. ನಾನು ಸಂಕೋಚ ಬಿಟ್ಟು ಹೇಳುತ್ತೇನೆ. ನಮ್ಮ ಹೆಂಗಸರು ಪ್ರವಾಸದಲ್ಲಿ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ. ಕುಡಿದರೆ ಶೌಚಾಲಯ ಹುಡುಕಬೇಕಲ್ಲ ಎಂದು. ಗಂಡಸರಿಗೆ ಇದು ತೋಚುವುದೇ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ತಡೆದುಕೊಂಡು, ಊರಿಗೆ ಮರಳಿದ ಎರಡೇ ದಿನಕ್ಕೆ ಉರಿಮೂತ್ರ, ಜ್ವರವೆಂದು ದವಾಖಾನೆಗೆ ಬರುತ್ತಾರೆ. ನೀರು ಕಡಿಮೆಯಾಗಿ, ಮೂತ್ರ ಹೆಚ್ಚು ಹೊತ್ತು ನಿಂತರೆ ಸೋಂಕಿಗೆ ಅದೇ ದಾರಿ.

ಆದ್ದರಿಂದ ದಿನದ ನಕ್ಷೆಯನ್ನು ನೋಡುವ ಜಾಗಗಳ ಪ್ರಕಾರ ಮಾತ್ರ ಮಾಡಬೇಡಿ, ಶೌಚಾಲಯ ಮತ್ತು ನಮಾಝ್‌ನ ಜಾಗದ ಪ್ರಕಾರ ಮಾಡಿ. ಎರಡೆರಡು ಗಂಟೆಗೊಮ್ಮೆ ಹೆಂಗಸರಿಗೂ ಮಕ್ಕಳಿಗೂ ನೆಮ್ಮದಿಯಾಗಿ ಹೋಗಿಬರುವ ಜಾಗವಿರಬೇಕು. ಟಿಕೆಟ್ ಇರುವ ಮ್ಯೂಸಿಯಂ, ಅರಮನೆಗಳಲ್ಲಿ, ಕುಟುಂಬದವರು ಕೂತು ಉಣ್ಣುವ ಹೋಟೆಲುಗಳಲ್ಲಿ ಇದು ಸಾಮಾನ್ಯವಾಗಿ ಸಿಗುತ್ತದೆ. ಇಲ್ಲಿ ಇನ್ನೊಂದು ಮಾತು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ, ಚೌಮಹಲ್ಲಾ ಅರಮನೆ ಎರಡಕ್ಕೂ ಶುಕ್ರವಾರ ರಜೆ. ಜುಮುಅಃಕ್ಕೆ ಮಕ್ಕಾ ಮಸೀದಿಯಲ್ಲಿ ಸೇರಿ, ಉಳಿದದ್ದನ್ನೂ ಅದೇ ದಿನ ನೋಡೋಣವೆಂದು ಹೊರಟವರು ಬಾಗಿಲಿನಿಂದಲೇ ಮರಳುತ್ತಾರೆ.

ನಮ್ಮ ಅದೃಷ್ಟಕ್ಕೆ ಖಾಲಾ ಅವರ ಬಳಗದವರ ಮನೆಯೊಂದು ಪತ್ಥರ್‌ಗಟ್ಟಿಯ ಹಿಂದಿನ ಓಣಿಯಲ್ಲಿತ್ತು. ಹೆಂಗಸರು ಝುಹರ್‌ಗೆ ಆ ಮನೆಗೆ, ನಾನು ಮತ್ತು ಮಗ ಮಕ್ಕಾ ಮಸೀದಿಗೆ ಎಂದು ಮೊದಲೇ ಮಾತಾಗಿತ್ತು.

ಮಕ್ಕಾ ಮಸೀದಿಯ ಪಾರಿವಾಳಗಳು

ಚಾರ್‌ಮಿನಾರಿನಿಂದ ಮಕ್ಕಾ ಮಸೀದಿಗೆ ಕೂಗಳತೆಯ ದೂರ. ಕುತುಬ್ ಶಾಹಿಗಳ ಕಾಲದಲ್ಲಿ, ಹದಿನೇಳನೇ ಶತಮಾನದ ಆರಂಭದಲ್ಲಿ ಶುರುವಾದ ಈ ಮಸೀದಿ ಔರಂಗಜೇಬನ ಕಾಲದಲ್ಲಿ, 1694ರಲ್ಲಿ ಪೂರ್ಣವಾಯಿತು. ಮಕ್ಕಾದಿಂದ ತಂದ ಮಣ್ಣಿನ ಇಟ್ಟಿಗೆಗಳನ್ನು ಇದರಲ್ಲಿ ಬಳಸಿದ್ದರಿಂದ ಈ ಹೆಸರು ಬಂತೆನ್ನುತ್ತಾರೆ.

ಅಂಗಳದ ತುಂಬ ಪಾರಿವಾಳಗಳು. ಮಕ್ಕಳಿಗೆ ಕಾಳು ಹಾಕುವ ಸಂಭ್ರಮ. ಹಾಕಲಿ. ಆದರೆ ಆಮೇಲೆ ಸೋಪು ಹಾಕಿ ಕೈ ತೊಳೆಸಿ, ಅದಕ್ಕೆ ಮೊದಲು ಏನನ್ನೂ ತಿನ್ನಲು ಬಿಡಬೇಡಿ. ಪಾರಿವಾಳದ ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆಸ್ತಮಾ ಇರುವವರು, ವಯಸ್ಸಾದವರು ಹಕ್ಕಿಗಳ ಗುಂಪು ಒಮ್ಮೆಲೇ ಹಾರುವ ಜಾಗದಿಂದ ದೂರವಿದ್ದರೆ ಚೆನ್ನ.

ಪ್ರವಾಸಿಗೆ ನಮಾಝ್‌ನಲ್ಲಿ ರಿಯಾಯಿತಿಯಿದೆ. ನಾಲ್ಕು ರಕ್‌ಅತ್ ಎರಡಾಗುತ್ತದೆ. ಇಮಾಮರ ಹಿಂದೆ ನಿಂತರೆ ಪೂರ್ತಿ ನಾಲ್ಕು. ದೇಹ ದಣಿದಿರುವಾಗ ದೀನ್ ನಮ್ಮ ಭಾರವನ್ನು ಇಳಿಸುತ್ತದೆ ಎಂಬುದನ್ನು ನಾವು ಓದುತ್ತೇವೆ, ಹೇಳುತ್ತೇವೆ. ಆದರೆ ಪ್ರವಾಸಕ್ಕೆ ಹೊರಟಾಗ ನಾವೇ ನಮ್ಮವರ ಮೇಲೆ ಎಷ್ಟು ಭಾರ ಹೇರುತ್ತೇವೆ! ಒಂದೇ ದಿನದಲ್ಲಿ ಎಲ್ಲವನ್ನೂ ನೋಡಬೇಕು, ಕೊಟ್ಟ ದುಡ್ಡು ದಕ್ಕಬೇಕು ಎನ್ನುತ್ತೇವೆ. ನನ್ನ ಪಟ್ಟಿಯಲ್ಲೂ ಅಂದು ಇನ್ನೂ ಮೂರು ಜಾಗಗಳಿದ್ದವು.

ಮಸೀದಿಯಿಂದ ಹೊರಬರುವಾಗ ಫೋನ್ ಬಂತು. ಮಗಳು. "ಅಬ್ಬಾ, ಬೇಗ ಬನ್ನಿ. ದಾದಿಯ ಕಾಲಿನಲ್ಲಿ ಏನೋ ಆಗಿದೆ."

ವುಝೂ ತೋರಿಸಿದ್ದು

ಆ ಮನೆಯಲ್ಲಿ ಅಮ್ಮಿ ಸ್ಟೂಲಿನ ಮೇಲೆ ಕುಳಿತು ವುಝೂ ಮಾಡುತ್ತಿದ್ದರು. ಮೊಣಕಾಲು ಬಗ್ಗದ ಕಾರಣ ಮಗಳು ಚೊಂಬಿನಿಂದ ಅವರ ಪಾದಕ್ಕೆ ನೀರು ಸುರಿದು, ಬೆರಳುಗಳ ನಡುವೆ ತನ್ನ ಕಿರುಬೆರಳು ಹಾಕಿ ಖಿಲಾಲ್ ಮಾಡುತ್ತಿದ್ದಳು. ಬಲಗಾಲಿನ ಕಿರುಬೆರಳಿನ ಪಕ್ಕದಲ್ಲಿ ಒಂದು ನೀರ್ಗುಳ್ಳೆ. ಎರಡು ರೂಪಾಯಿ ನಾಣ್ಯದಷ್ಟು. ಸುತ್ತಲೂ ಕೆಂಪು. ಹೊಸ ಚಪ್ಪಲಿಯ ಪಟ್ಟಿ ಉಜ್ಜಿದ ಜಾಗ ಅದು.

"ದಾದಿ, ನೋಯುತ್ತಿಲ್ಲವಾ?" ಎಂದು ಅವಳು ಕೇಳಿದ್ದಾಳೆ. ಅಮ್ಮಿ ನಕ್ಕಿದ್ದಾರೆ. "ಏನೂ ಇಲ್ಲ ಬೇಟಿ, ನಮಾಝ್ ಹೊತ್ತಾಯಿತು" ಎಂದಿದ್ದಾರೆ.

ನಾನು ಹೋಗಿ ಅವರ ಮುಂದೆ ನೆಲದ ಮೇಲೆ ಕುಳಿತೆ. ಪಾದವನ್ನು ಕೈಯಲ್ಲಿ ಹಿಡಿದೆ. ಹದಿನಾಲ್ಕು ವರ್ಷಗಳಲ್ಲಿ ಅಮ್ಮಿಯ ಸಕ್ಕರೆ ಎಷ್ಟಿದೆಯೆಂದು ನೂರಾರು ಸಲ ನೋಡಿದ್ದೇನೆ. ಅವರ ಪಾದವನ್ನು ಬೆಳಕಿನಲ್ಲಿ ಹಿಡಿದು ನೋಡಿದ್ದು ಅದೇ ಮೊದಲು. ಗುಳ್ಳೆಯ ಸುತ್ತ ಮೆಲ್ಲಗೆ ಒತ್ತಿದೆ. ಅವರ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ.

"ಅಮ್ಮಿ, ಕಣ್ಣು ಮುಚ್ಚಿ. ನಾನು ಮುಟ್ಟಿದಾಗ ಹೇಳಿ" ಎಂದೆ.

ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳು. ಒಟ್ಟು ಆರು ಕಡೆ ಬೆರಳ ತುದಿಯಿಂದ ಹಗುರವಾಗಿ ಮುಟ್ಟಿದೆ. ಎರಡು ಕಡೆ ಮಾತ್ರ "ಹೂಂ" ಎಂದರು. ನಾಲ್ಕು ಕಡೆ ಸುಮ್ಮನಿದ್ದರು. ಆಮೇಲೆ ಕಣ್ಣು ಮುಚ್ಚಿಕೊಂಡೇ, "ಶುರು ಮಾಡು ಬೇಟಾ, ಯಾಕೆ ಸುಮ್ಮನಿದ್ದೀ?" ಎಂದು ಕೇಳಿದರು.

ನನಗೆ ಮಾತು ಹೊರಡಲಿಲ್ಲ.

ನೋವಿಲ್ಲದಿರುವುದೇ ರೋಗ

ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ನಿಧಾನವಾಗಿ ಸ್ಪರ್ಶ ಕಳೆದುಕೊಳ್ಳುತ್ತವೆ. ಕೆಲವರಿಗೆ ಜೋಮು, ಉರಿ ಬರುತ್ತದೆ. ಕೆಲವರಿಗೆ ಏನೂ ತಿಳಿಯುವುದೇ ಇಲ್ಲ. ಚಪ್ಪಲಿ ಕಚ್ಚಿದರೂ, ಮೊಳೆ ಚುಚ್ಚಿದರೂ, ಬಿಸಿ ಕಲ್ಲಿನ ಮೇಲೆ ನಿಂತರೂ ಪಾದ ದೂರು ಹೇಳುವುದಿಲ್ಲ. ನೋವು ಅಲ್ಲಾಹನ ಒಂದು ಅನುಗ್ರಹ, ಅದು ಕಾವಲುಗಾರ. ಕಾವಲುಗಾರ ನಿದ್ರೆ ಹೋದ ಮನೆಯಲ್ಲಿ ಕಳ್ಳ ಸದ್ದಿಲ್ಲದೆ ಕೆಲಸ ಮುಗಿಸುತ್ತಾನೆ. ಜೊತೆಗೆ ಪಾದಕ್ಕೆ ರಕ್ತದ ಹರಿವು ಕಡಿಮೆಯಿದ್ದರೆ ಗಾಯ ಮಾಯುವುದಿಲ್ಲ, ಸೋಂಕು ಎಲುಬಿಗಿಳಿಯುತ್ತದೆ. ಬೆರಳು, ಕೆಲವೊಮ್ಮೆ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಇಂಥ ಎಷ್ಟೋ ಗಾಯಗಳ ಮೊದಲ ಕಾರಣ ಒಂದು ಹೊಸ ಚಪ್ಪಲಿ.

"ನೋಯುತ್ತಿದೆಯಾ?" ಎಂದು ನಾನು ಬಝಾರಿನಲ್ಲಿ ಕೇಳಿದ್ದೇ ತಪ್ಪು ಪ್ರಶ್ನೆ. ಸಕ್ಕರೆ ಕಾಯಿಲೆಯವರ ಪಾದವನ್ನು ಕೇಳಿ ತಿಳಿಯಲಾಗದು, ನೋಡಿಯೇ ತಿಳಿಯಬೇಕು.

ನಾನು ಹೇಳಿದ ಆರು ಬೆರಳಿನ ಪರೀಕ್ಷೆಯನ್ನು ಈ ಲೇಖನ ಓದಿದ ದಿನವೇ ನಿಮ್ಮ ಮನೆಯ ಹಿರಿಯರಿಗೆ ಮಾಡಿ. ಅವರು ಕಣ್ಣು ಮುಚ್ಚಲಿ. ಒತ್ತಬೇಡಿ, ಉಜ್ಜಬೇಡಿ, ತಟ್ಟಬೇಡಿ. ಒಂದೆರಡು ಕ್ಷಣ ಹಗುರವಾಗಿ ಮುಟ್ಟಿ ಬಿಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಆ ಪಾದ ಅಪಾಯದಲ್ಲಿದೆ, ವೈದ್ಯರಿಗೆ ತೋರಿಸಬೇಕು ಎಂದು ಅರ್ಥ.

ಅಂದು ನಾನು ಮಾಡಿದ್ದಿಷ್ಟು. ಗುಳ್ಳೆಯನ್ನು ಒಡೆಯಲಿಲ್ಲ. ಪಾದವನ್ನು ಶುದ್ಧ ನೀರು, ಸೋಪಿನಿಂದ ತೊಳೆದು, ಬೆರಳ ಸಂದುಗಳನ್ನೂ ಸೇರಿಸಿ ಒಣ ಬಟ್ಟೆಯಿಂದ ಒತ್ತಿ ಒರೆಸಿದೆ. ಚೊಕ್ಕಟ ಗಾಜ್ ಇಟ್ಟು ಸಡಿಲವಾಗಿ ಪಟ್ಟಿ ಕಟ್ಟಿದೆ. ಅಮ್ಮಿಯ ನಡಿಗೆ ಅಲ್ಲಿಗೇ ನಿಂತಿತು. ಹೊಸ ಚಪ್ಪಲಿ ಚೀಲ ಸೇರಿತು. ಯುನಾನಿಯಲ್ಲಿ ಗಾಯಕ್ಕೆ ಒಳ್ಳೆಯ ಮರ್ಹಮ್‌ಗಳಿವೆ. ಆದರೂ ಯುನಾನಿ ವೈದ್ಯನಾದ ನಾನೇ ಹೇಳುತ್ತೇನೆ: ಸಕ್ಕರೆ ಕಾಯಿಲೆಯವರ ಪಾದದ ಗಾಯಕ್ಕೆ ಮನೆಯಲ್ಲಿ ಮುಲಾಮು, ಅರಿಶಿನ ಹಚ್ಚಿಕೊಂಡು ಕಾಯಬೇಡಿ. ಒಂದು ದಿನದೊಳಗೆ ತೋರಿಸಿ. ಮರುದಿನ ಊರಿಗೆ ಬಂದ ಕೂಡಲೇ ನಾನೂ ಅಮ್ಮಿಯನ್ನು ಒಬ್ಬ ಸರ್ಜನ್ ಬಳಿ ಕರೆದೊಯ್ದೆ.

ನಾಲ್ಕು ಗಂಟೆಯ ಸದ್ದು

"ನನ್ನಿಂದ ನಿಮ್ಮ ದಿನ ಹಾಳಾಯಿತು. ನೀವು ಹೋಗಿ ಬನ್ನಿ, ನಾನಿಲ್ಲೇ ಇರುತ್ತೇನೆ" ಎಂದರು ಅಮ್ಮಿ. ಆಮೇಲೆ ಸ್ವಲ್ಪ ತಡೆದು, "ಆ ಗಡಿಯಾರ ಮಾತ್ರ ಒಮ್ಮೆ ನೋಡಬೇಕಿತ್ತು" ಎಂದರು.

ಮದುವೆಯಾದ ಹೊಸತರಲ್ಲಿ ಅಬ್ಬಾ ಅವರನ್ನು ಸಾಲಾರ್ ಜಂಗ್ ಮ್ಯೂಸಿಯಂಗೆ ಕರೆದೊಯ್ದಿದ್ದರಂತೆ. ಅಲ್ಲಿ ಒಂದು ದೊಡ್ಡ ಗಡಿಯಾರವಿದೆ. ಗಂಟೆಯಾಗುವ ಹೊತ್ತಿಗೆ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸಿ ಒಳಹೋಗುತ್ತದೆ. ಅಬ್ಬಾ ತೀರಿಹೋಗಿ ಆರು ವರ್ಷ. ಈ ಪ್ರವಾಸಕ್ಕೆ ಅಮ್ಮಿ ಒಪ್ಪಿದ್ದೇ ಆ ಗಡಿಯಾರಕ್ಕಾಗಿ ಎಂದು ನನಗೆ ಆಗ ಗೊತ್ತಾಯಿತು. ನಮ್ಮ ಹಕೀಮರು ಮನಸ್ಸಿನ ಚಲನೆಯನ್ನೂ ಆರರಲ್ಲಿ ಒಂದೆಂದು ಸುಮ್ಮನೆ ಸೇರಿಸಿಲ್ಲ.

ಚೌಮಹಲ್ಲಾ ಅರಮನೆಯನ್ನು ಪಟ್ಟಿಯಿಂದ ತೆಗೆದೆವು. ಊಟ ಮಾಡಿ, ಅರ್ಧ ಗಂಟೆ ಎಲ್ಲರೂ ಕಾಲು ಚಾಚಿ ಮಲಗಿ, ಆಟೋದಲ್ಲಿ ಮ್ಯೂಸಿಯಂ ಬಾಗಿಲಿಗೇ ಹೋದೆವು. ವಿಚಾರಿಸಿದಾಗ ಗಾಲಿಕುರ್ಚಿ ಸಿಕ್ಕಿತು. "ನಾನೇನು ರೋಗಿಯಾ?" ಎಂದು ಅಮ್ಮಿ ಮುನಿಸಿಕೊಂಡರು. ಮೊಮ್ಮಗ, "ದಾದಿ, ನಾನು ಡ್ರೈವರ್" ಎಂದು ಹಿಂದೆ ನಿಂತ ಮೇಲೆ ಕುಳಿತರು. ಹಿರಿಯರಿಗೆ ಗಾಲಿಕುರ್ಚಿ ಎಂದರೆ ಅವಮಾನವೆನಿಸುತ್ತದೆ. ಹೇಳುವ ಬಗೆಯಲ್ಲಿ ಹೇಳಿದರೆ ಅದು ಗೌರವವೂ ಆಗುತ್ತದೆ.

ನಾಲ್ಕು ಗಂಟೆಗೆ ಸ್ವಲ್ಪ ಮೊದಲೇ ಜನ ಸೇರಿದ್ದರು. ಗೊಂಬೆ ಹೊರಬಂತು, ನಾಲ್ಕು ಸಲ ಬಾರಿಸಿತು, ಒಳಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಮ್ಮಿ ಏನೂ ಹೇಳಲಿಲ್ಲ. ಓಢಣಿಯ ಅಂಚಿನಿಂದ ಕಣ್ಣು ಒರೆಸಿಕೊಂಡು, "ಹಾಗೇ ಇದೆ" ಎಂದರು.

ಮ್ಯೂಸಿಯಂ ಪಕ್ಕದಲ್ಲೇ ಮೂಸಿ ನದಿ. 1908ರ ಸೆಪ್ಟೆಂಬರಿನಲ್ಲಿ ಈ ನದಿ ಉಕ್ಕಿ ಸಾವಿರಾರು ಜನ ಸತ್ತರು. ಅಫ್ಝಲ್‌ಗಂಜ್‌ನ ಆಸ್ಪತ್ರೆ ಆವರಣದ ಒಂದು ಹುಣಸೆಮರ ಹತ್ತಿ ನೂರಕ್ಕೂ ಹೆಚ್ಚು ಜನ ಬದುಕಿದರು. ಅನಂತರ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಪ್ರವಾಹ ತಡೆಯುವ ಜಲಾಶಯಗಳ ಯೋಜನೆ, ಊರಿನ ಕೊಳಚೆ ನೀರು ಸಾಗಿಸುವ ಚರಂಡಿಗಳ ಯೋಜನೆ ಎರಡನ್ನೂ ಅವರು ರೂಪಿಸಿದರು. ಉಸ್ಮಾನ್ ಸಾಗರ್ 1920ರಲ್ಲಿ, ಹಿಮಾಯತ್ ಸಾಗರ್ 1927ರಲ್ಲಿ ಪೂರ್ಣವಾದವು. ಒಂದು ಊರಿನ ಆರೋಗ್ಯಕ್ಕೆ ಹಕೀಮರು ಎಷ್ಟು ಬೇಕೋ ಚರಂಡಿ ಕಟ್ಟುವವರೂ ಅಷ್ಟೇ ಬೇಕು ಎಂದು ಮಕ್ಕಳಿಗೆ ಹೇಳಿದೆ.

ಆಟೋದಲ್ಲಿ ಖಾಲಾ ಮನೆಗೆ ಮರಳಿ ಅಸ್ರ್ ಮಾಡಿದೆವು. ಅಮ್ಮಿ ಬಲಗಾಲನ್ನು ತೊಳೆಯಲು ಪಟ್ಟಿ ಬಿಚ್ಚಹೊರಟರು, ತಡೆದೆ. ನೀರು ತಾಗಿದರೆ ಗಾಯಕ್ಕೆ ತೊಂದರೆ ಎಂದಿದ್ದಾಗ ಪಟ್ಟಿಯ ಮೇಲೆ ಒದ್ದೆ ಕೈ ಸವರಿದರೆ ಸಾಕು. ಈ ರಿಯಾಯಿತಿ ಎಷ್ಟೋ ಹಿರಿಯರಿಗೆ ತಿಳಿದಿಲ್ಲ. ಗಾಯದ ಪಟ್ಟಿಯನ್ನು ದಿನಕ್ಕೈದು ಸಲ ನೆನೆಸಿ ಕೀವು ಮಾಡಿಕೊಂಡು ಬರುತ್ತಾರೆ. ನಿಮ್ಮ ಊರಿನ ಆಲಿಮರನ್ನು ಕೇಳಿ ತಿಳಿದುಕೊಳ್ಳಿ.

ನಡೆಯುವ ಮೊದಲು, ನಡೆದ ಮೇಲೆ

ಚಪ್ಪಲಿ, ಶೂ ಖರೀದಿಸುವುದು ಸಂಜೆಯಾಗಲಿ. ದಿನದ ಕೊನೆಗೆ ಪಾದ ಸ್ವಲ್ಪ ಊದಿರುತ್ತದೆ, ಆಗ ಸರಿಯಾದ ಅಳತೆ ಸಿಗುತ್ತದೆ. ಹೊಸದನ್ನು ಪ್ರವಾಸದ ದಿನ ಮೊದಲ ಬಾರಿ ಹಾಕಬೇಡಿ. ಎರಡು ವಾರ ಮೊದಲೇ ತಂದು, ಮನೆಯಲ್ಲಿ ದಿನಕ್ಕೆ ಒಂದೆರಡು ಗಂಟೆ ಹಾಕಿ, ಪ್ರತಿಸಲ ಬಿಚ್ಚಿದಾಗ ಪಾದದಲ್ಲಿ ಕೆಂಪು ಕಲೆ ಇದೆಯೇ ನೋಡಿ.

ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ನಡೆಯಬಾರದು. ಮಸೀದಿ, ದರ್ಗಾ, ಸ್ಮಾರಕಗಳಲ್ಲಿ ಚಪ್ಪಲಿ ಬಿಡಬೇಕಾದ ಕಡೆ ದಪ್ಪ ಹತ್ತಿಯ ಕಾಲುಚೀಲ ಇರಲಿ, ಮಧ್ಯಾಹ್ನದ ಬಿಸಿ ಕಲ್ಲಿನ ಅಂಗಳ ದಾಟಬೇಡಿ. ಮತ್ತೆ ಚಪ್ಪಲಿ ಹಾಕುವ ಮೊದಲು ಒಳಗೆ ಕೈ ಆಡಿಸಿ ಕಲ್ಲು ಮುಳ್ಳು ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ರಾತ್ರಿ ಮಲಗುವಾಗ ದಣಿದ ಕಾಲಿಗೆ ಎಳ್ಳೆಣ್ಣೆ ಅಥವಾ ಬಾದಾಮಿ ಎಣ್ಣೆಯಿಂದ ಹಗುರ ಮಾಲೀಸು ಮಾಡಬಹುದು. ಯುನಾನಿಯಲ್ಲಿ ಇದನ್ನು 'ದಲ್ಕ್' ಎನ್ನುತ್ತೇವೆ. ಆದರೆ ಬೆರಳ ಸಂದುಗಳಿಗೆ ಎಣ್ಣೆ ಬೇಡ, ಅಲ್ಲಿ ಒದ್ದೆ ನಿಂತರೆ ಬೂಸ್ಟು ಬೆಳೆಯುತ್ತದೆ. ಸ್ಪರ್ಶ ಕಡಿಮೆಯಾದ ಪಾದವನ್ನು ಬಿಸಿ ನೀರಿನಲ್ಲಿ ಅದ್ದಿಡುವುದೂ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೇಗ ಮಲಗಿ. ಒಂದು ದಿನ ನಡೆದವರಿಗೆ ಒಳ್ಳೆಯ ನಿದ್ರೆಗಿಂತ ದೊಡ್ಡ ಮದ್ದಿಲ್ಲ.

ಅಮ್ಮಿಯ ಗುಳ್ಳೆ ಮಾಯಲು ಮೂರು ವಾರ ಹಿಡಿಯಿತು. ಅಲ್‌ಹಮ್ದುಲಿಲ್ಲಾಹ್, ಸೋಂಕಾಗಲಿಲ್ಲ. ಆ ದಿನ ಸಂಜೆವರೆಗೆ ಅದೇ ಚಪ್ಪಲಿಯಲ್ಲಿ ನಡೆದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ನನಗಿಷ್ಟವಿಲ್ಲ. ನನ್ನ ಪದವಿ ಅದನ್ನು ನೋಡಲಿಲ್ಲ. ನೋಡಿದ್ದು ಹನ್ನೆರಡು ವರ್ಷದ ಹುಡುಗಿ, ದಾದಿಯ ಪಾದಕ್ಕೆ ನೀರು ಸುರಿಯುತ್ತಿದ್ದಾಗ.

ನಾವು ದಿನಕ್ಕೆ ಐದು ಸಲ ಪಾದ ತೊಳೆಯುವ ಸಮುದಾಯ. ಸಕ್ಕರೆ ಕಾಯಿಲೆಯವರು ದಿನಕ್ಕೊಮ್ಮೆ ಪಾದ ಪರೀಕ್ಷಿಸಬೇಕೆಂದು ವೈದ್ಯರು ಗೋಗರೆಯುತ್ತಾರೆ, ನಮಗೆ ಐದು ಅವಕಾಶಗಳು ಸಿಕ್ಕಿವೆ. ಆದರೆ ನೀರು ಹಾಕುತ್ತೇವೆ, ನೋಡುವುದಿಲ್ಲ. ಇಂದಿನಿಂದ ಒಂದು ಹೊತ್ತಿನ ವುಝೂದಲ್ಲಾದರೂ ಬೆಳಕಿನಲ್ಲಿ ಕುಳಿತು ನೋಡಿ. ಬಗ್ಗಲಾಗದ ಹಿರಿಯರಿದ್ದರೆ ಚೊಂಬನ್ನು ಮನೆಯ ಮಕ್ಕಳ ಕೈಗೆ ಕೊಡಿ. ನಮ್ಮ ಮನೆಯಲ್ಲಿ ಈಗ ಫಜ್ರ್ ಹೊತ್ತಿನ ಚೊಂಬು ಮಗಳದು, ಇಶಾ ಹೊತ್ತಿನದು ಮಗನದು.

ಚೌಮಹಲ್ಲಾ ಉಳಿದಿದೆ. ಬರುವ ಚಳಿಗಾಲದಲ್ಲಿ ಇನ್‌ಶಾ ಅಲ್ಲಾಹ್ ಹೋಗುತ್ತೇವೆ, ಹಳೆಯ ಚಪ್ಪಲಿಯಲ್ಲಿ.